ಒಂದೇ ಫೈಲು, ಒಂದು ದಿನ: ಕಂಪ್ಯೂಟರ್ ಕೆಲಸ ಹಗುರ ಮಾಡಿಕೊಳ್ಳುವ ಬಗೆ

ಹೋದ ವರ್ಷ ಒಂದು ಬುಧವಾರ ಸಂಜೆ ಫೋನ್ ಬಂತು. “ಆ ಫೈಲು ಕಳಿಸ್ತೀನಿ ಅಂದಿದ್ರಲ್ಲ, ಇನ್ನೂ ಬಂದಿಲ್ಲ.” ಕೆಲಸವನ್ನೇ ಮಾಡಿರಲಿಲ್ಲ ಅಂತಲ್ಲ. ಫೈಲು ಸೋಮವಾರವೇ ತಯಾರಾಗಿತ್ತು, ಕಳಿಸುವುದೊಂದೇ ಬಾಕಿ. ಅದನ್ನು ನನಗೆ ನೆನಪಿಸಬೇಕಿದ್ದ ಸಾಲು ಎಲ್ಲಿ ಹೋಯಿತು ಅಂತ ಆಮೇಲೆ ಹುಡುಕಿದೆ. ಒಂದು ಮೇಲ್‌ಗೆ ನಕ್ಷತ್ರ ಹಾಕಿಟ್ಟಿದ್ದೆ. ಪರದೆಯ ಅಂಚಿಗೆ ಅಂಟಿಸಿದ ಹಳದಿ ಚೀಟಿಯಲ್ಲೂ ಅದೇ ಇತ್ತು. ಫೋನಿನ ಆ್ಯಪ್ ಒಂದರಲ್ಲೂ ಇತ್ತು, ತಾರೀಖು ಮಾತ್ರ ತಪ್ಪು. ಮೂರು ಕಡೆ ಬರೆದಿಟ್ಟಿದ್ದೆ. ಒಂದು ಕಡೆ ಇದೆಯಲ್ಲ ಅನ್ನುವ ಧೈರ್ಯದಲ್ಲಿ ಇನ್ನೊಂದನ್ನು ನೋಡದೆ, ಮೂರನ್ನೂ ಬಿಟ್ಟಿದ್ದೆ.

ಅದಕ್ಕೂ ಮುಂಚೆ ಇಂಥದ್ದು ಆದಾಗೆಲ್ಲ ಹೊಸ ಆ್ಯಪ್ ಹುಡುಕುತ್ತಿದ್ದೆ. ಬಣ್ಣ ಬಣ್ಣದ ಲೇಬಲ್, ಚಾರ್ಟು, ಮುಗಿಸಿದ ಕೆಲಸಕ್ಕೆ ಚಪ್ಪಾಳೆ ತಟ್ಟುವ ಗೊಂಬೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ಹಾಗೆ. ಈಗ ನಾನು ಮಾಡುತ್ತಿರುವುದು ತುಂಬಾ ಸಾದಾ. ಮಾಡಬೇಕಾದ ಕೆಲಸ ಒಂದೇ ಕಡೆ ಇರಬೇಕು. ಕಂಪ್ಯೂಟರ್ ಹಚ್ಚಿದ ಕೂಡಲೇ ಅದು ತಾನಾಗಿ ಎದುರಿಗೆ ಬರಬೇಕು. ಸಂಜೆ ಮುಚ್ಚುವ ಮುಂಚೆ ಹತ್ತು ನಿಮಿಷ ಅದರ ಜೊತೆ ಕೂರಬೇಕು. ಉಳಿದದ್ದೆಲ್ಲ ಇದಕ್ಕೆ ಒತ್ತಾಸೆ ಅಷ್ಟೇ.

ವಿಂಡೋಸ್ ಇಟ್ಟುಕೊಂಡು ಹೇಳುತ್ತಿದ್ದೇನೆ. ಮ್ಯಾಕ್ ಇರುವವರು ಕಂಟ್ರೋಲ್ ಕೀ ಅಂದ ಕಡೆ ಕಮಾಂಡ್ ಅಂದುಕೊಂಡರೆ ಬ್ರೌಸರ್‌ನ ಶಾರ್ಟ್‌ಕಟ್‌ಗಳು ಹಾಗೇ ನಡೆಯುತ್ತವೆ. ನೋಟ್‌ಪ್ಯಾಡ್, ವಿಂಡೋಸ್ ಕೀ ಅಂದ ಕಡೆ ಮಾತ್ರ ಮ್ಯಾಕ್‌ನ ದಾರಿ ಬೇರೆ.

ಮೊದಲ ದಿನ ಏನೂ ಬದಲಿಸಬೇಡಿ

ಕೀಬೋರ್ಡ್ ಪಕ್ಕ ಒಂದು ಹಾಳೆ ಇಟ್ಟುಕೊಳ್ಳಿ. ಏನನ್ನಾದರೂ ಹುಡುಕಬೇಕಾಗಿ ಬಂದಾಗ ಒಂದು ಗೀಟು. ಹಿಂದೆ ಟೈಪ್ ಮಾಡಿದ್ದನ್ನೇ ಮತ್ತೆ ಟೈಪ್ ಮಾಡಿದಾಗ ಒಂದು ಗೀಟು. ಒಂದು ಕೆಲಸದ ಮಧ್ಯೆ ಇನ್ನೊಂದಕ್ಕೆ ಹಾರಿದಾಗ ಒಂದು ಗೀಟು. ಪಕ್ಕದಲ್ಲಿ ಎರಡು ಪದ ಬರೆದರೆ ಸಾಕು.

ನನ್ನ ಹಾಳೆಯಲ್ಲಿ ಅತಿ ಹೆಚ್ಚು ಗೀಟು ಬಿದ್ದದ್ದು “ಆ ಫೈಲು ಎಲ್ಲಿಟ್ಟೆ” ಅನ್ನುವುದಕ್ಕೆ. ಎರಡನೆಯದು, ಒಂದೇ ಥರದ ಉತ್ತರವನ್ನು ಬೇರೆ ಬೇರೆಯವರಿಗೆ ಮತ್ತೆ ಮತ್ತೆ ಬರೆಯುವುದು. ನನಗೆ ಸಮಯ ಸಾಲುತ್ತಿಲ್ಲ ಅಂದುಕೊಂಡಿದ್ದೆ. ಹುಡುಕುವುದರಲ್ಲೇ ಸೋರಿ ಹೋಗುತ್ತಿತ್ತು ಅಂತ ಗೊತ್ತಿರಲಿಲ್ಲ. ನಿಮ್ಮ ಹಾಳೆ ಬೇರೇನೋ ಹೇಳಬಹುದು. ಮುಂದಿನ ಹಂತಗಳಲ್ಲಿ ಯಾವುದಕ್ಕೆ ಜಾಸ್ತಿ ಗಮನ ಕೊಡಬೇಕು ಅನ್ನುವುದನ್ನು ಆ ಹಾಳೆಯೇ ತೀರ್ಮಾನಿಸಲಿ.

ಎರಡನೇ ದಿನ: ಒಂದು ಫೈಲು

ನೋಟ್‌ಪ್ಯಾಡ್ ತೆರೆಯಿರಿ. ಹೌದು, ಅದೇ ನೋಟ್‌ಪ್ಯಾಡ್, 1985ರ ಮೊದಲ ವಿಂಡೋಸ್‌ನಿಂದಲೂ ಇರುವಂಥದ್ದು. ಒಂದು ಹೊಸ ಫೈಲು ಮಾಡಿ “ಕೆಲಸ” ಅಂತ ಹೆಸರಿಡಿ. ಈಗಿನ ನೋಟ್‌ಪ್ಯಾಡ್ ಕನ್ನಡ ಅಕ್ಷರಗಳನ್ನು ಯಾವ ತಕರಾರೂ ಇಲ್ಲದೆ ಉಳಿಸಿಕೊಳ್ಳುತ್ತದೆ. ನನ್ನ ಫೈಲಿನ ಒಂದು ದಿನ ಹೀಗಿತ್ತು:

ಇವತ್ತು 2025-03-12 ಬುಧ
- ಖರ್ಚಿನ ಶೀಟು: ಮೂರನೇ ಕಾಲಂನ ಮೊತ್ತ ಸರಿಮಾಡಿ ಕಳಿಸು
- ಕರಡು: 4ನೇ ಪುಟದಿಂದ 9ರವರೆಗೆ ತಿದ್ದು
- ಅರ್ಜಿ: ಫೋಟೋ ಸ್ಕ್ಯಾನ್ ಮಾಡಿ ಸೇರಿಸು

ಕಾಯ್ತಿರೋದು
- ಲೆಕ್ಕ ನೋಡುವವರ ಉತ್ತರ (10ನೇ ತಾರೀಖು ಕೇಳಿದೆ)

ಆಮೇಲೆ
- ಹಳೇ ಫೋಟೋ ವಿಂಗಡಿಸು
- ಪ್ರಿಂಟರ್ ಡ್ರೈವರ್ ಬದಲಿಸು

ಮುಗೀತು
- ಬ್ಯಾಕಪ್ ಡಿಸ್ಕ್ ಖಾಲಿ ಮಾಡಿದೆ

ನಾಲ್ಕೇ ತಲೆಬರಹ. ಇದರಲ್ಲಿ ಗಮನಿಸಬೇಕಾದ್ದು ಸಾಲುಗಳ ಕೊನೆ. “ಸರಿಮಾಡಿ ಕಳಿಸು”, “ತಿದ್ದು”, “ಸೇರಿಸು”. ಮೊದಲು ನಾನು “ಖರ್ಚಿನ ಶೀಟು” ಅಂತಷ್ಟೇ ಬರೆಯುತ್ತಿದ್ದೆ. ಮೂರು ದಿನ ಬಿಟ್ಟು ನೋಡಿದರೆ ಆ ಶೀಟಿಗೆ ಏನು ಮಾಡಬೇಕಿತ್ತು ಅಂತಲೇ ನೆನಪಿರುತ್ತಿರಲಿಲ್ಲ. ಅದನ್ನು ನೋಡಿದಾಗೆಲ್ಲ ಕಣ್ಣು ಪಕ್ಕದ ಸಾಲಿಗೆ ಜಾರುತ್ತಿತ್ತು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಹೇಗೂ ಕೊನೆಗೆ ಬರುತ್ತದೆ. ಸಾಲು ಕ್ರಿಯಾಪದದಲ್ಲಿ ಮುಗಿಯದಿದ್ದರೆ ಅದು ಇನ್ನೂ ಕೆಲಸ ಆಗಿಲ್ಲ, ಸುಮ್ನೆ ಒಂದು ಚಿಂತೆ ಅಂದುಕೊಳ್ಳಿ.

“ಫೋಟೋ ವಿಂಗಡಿಸು” ಅನ್ನುವುದು ಎಷ್ಟೋ ತಿಂಗಳಿಂದ “ಆಮೇಲೆ” ಕೆಳಗೇ ಕೂತಿದೆ. ಕ್ರಿಯಾಪದ ಇದ್ದರೂ ಅದು ಒಂದು ಕೆಲಸ ಅಲ್ಲ, ಇಡೀ ಬೇಸಿಗೆ ರಜೆಯಷ್ಟು ದೊಡ್ಡದು. ಅಂಥದ್ದನ್ನು ಒಡೆದು ಅರ್ಧ ಗಂಟೆಯ ತುಂಡು ಮಾಡಿ “ಇವತ್ತು” ಕೆಳಗೆ ತರಬೇಕು. ನಾನಿನ್ನೂ ತಂದಿಲ್ಲ.

“ಇವತ್ತು” ಕೆಳಗೆ ಮೂರು ಸಾಲು, ಜಾಸ್ತಿ ಅಂದರೆ ಐದು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ದುಡ್ಡಿಗಿಂತ ದಿನಕ್ಕೇ ಚೆನ್ನಾಗಿ ಹೊಂದುತ್ತದೆ. ಹನ್ನೆರಡು ಸಾಲು ಬರೆದರೆ ಅದರಲ್ಲಿ ಸುಲಭದ ನಾಲ್ಕನ್ನು ಮುಗಿಸಿ, ಕಷ್ಟದ್ದನ್ನು ನಾಳೆಗೆ ದೂಡಿ, ಏನೋ ಸಾಧಿಸಿದವರ ಹಾಗೆ ಎದ್ದು ಹೋಗುತ್ತೇವೆ.

“ಕಾಯ್ತಿರೋದು” ಅನ್ನುವ ತಲೆಬರಹವನ್ನು ಹೆಚ್ಚಿನವರು ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಳ್ಳಿ. ಚೆಂಡು ಬೇರೆಯವರ ಅಂಗಳದಲ್ಲಿದೆ ಅಂತ ನಾವು ಮರೆತೇಬಿಡುವ ಕೆಲಸಗಳೇ ಕೊನೆಗೆ ಕುತ್ತಿಗೆಗೆ ಬರುವುದು. ಯಾರನ್ನು, ಯಾವಾಗ ಕೇಳಿದೆ ಅಂತ ತಾರೀಖಿನ ಸಮೇತ ಬರೆದಿದ್ದರೆ, “ಹತ್ತನೇ ತಾರೀಖು ಕೇಳಿದ್ದೆ, ಏನಾಯ್ತು?” ಅಂತ ಮತ್ತೆ ಕೇಳಲು ಸಂಕೋಚ ಆಗುವುದಿಲ್ಲ.

ನೋಟ್‌ಪ್ಯಾಡ್‌ನಲ್ಲಿ ಎಫ್5 ಒತ್ತಿದರೆ ಆ ಹೊತ್ತಿನ ಸಮಯ, ತಾರೀಖು ತಾನಾಗಿ ಬೀಳುತ್ತದೆ. ಇನ್ನೊಂದು ಹಳೇ ಗುಟ್ಟು: ಫೈಲಿನ ಮೊಟ್ಟಮೊದಲ ಸಾಲಿನಲ್ಲಿ ಒಂದು ಚುಕ್ಕಿ ಇಟ್ಟು, ಜಾಗ ಬಿಡದೆ ಎಲ್, ಓ, ಜಿ ಅಂತ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದು ಸೇವ್ ಮಾಡಿ. ಆಮೇಲೆ ಆ ಫೈಲು ತೆರೆದಾಗೆಲ್ಲ ಕೊನೆಯಲ್ಲಿ ತಾರೀಖು, ಸಮಯ ತಾನೇ ಸೇರಿಕೊಳ್ಳುತ್ತದೆ. ಕೆಲಸದ ಪಟ್ಟಿಗೆ ಇದು ಬೇಡ. ದಿನಚರಿ ಅಥವಾ ಫೋನ್ ಮಾತುಕತೆಯ ಟಿಪ್ಪಣಿ ಇಡುವವರಿಗೆ ಚೆನ್ನಾಗಿದೆ.

ಸಾದಾ ಪಠ್ಯದಲ್ಲಿ ಪಟ್ಟಿ ಇಡುವುದು ನನ್ನ ಕಂಡುಹಿಡಿತ ಏನಲ್ಲ. ಜೀನಾ ಟ್ರಪಾನಿ ಎಂಬವರು 2006ರಲ್ಲೇ ‘ಟುಡು ಡಾಟ್ ಟೆಕ್ಸ್ಟ್’ ಅಂತ ಒಂದು ಪದ್ಧತಿ ಮಾಡಿದರು. ಸಾಲಿಗೊಂದು ಕೆಲಸ, ಮುಖ್ಯವಾದದ್ದಕ್ಕೆ ಕಂಸದಲ್ಲಿ ಒಂದು ಅಕ್ಷರ, ಯೋಜನೆಯ ಹೆಸರಿಗೆ ಮುಂದೆ + ಗುರುತು, ಎಲ್ಲಿ ಮಾಡಬೇಕು ಅನ್ನುವುದಕ್ಕೆ @ ಗುರುತು. ನೂರಾರು ಸಾಲು ಇರುವವರಿಗೆ ಅದು ಅನುಕೂಲ. ನನಗೆ ಅಷ್ಟು ಬೇಕಾಗಲಿಲ್ಲ.

ಗಂಟೆ ಗೊತ್ತಾಗಿರುವ ಯಾವುದೂ ಈ ಫೈಲಿಗೆ ಬರಬಾರದು. ಮೂರೂವರೆಗೆ ಮೀಟಿಂಗ್ ಇದ್ದರೆ ಅದು ಕ್ಯಾಲೆಂಡರ್‌ಗೆ. ಪಠ್ಯದ ಫೈಲು ಗಂಟೆ ಬಾರಿಸುವುದಿಲ್ಲ, ಅಲ್ವಾ? ಕ್ಯಾಲೆಂಡರ್‌ನಲ್ಲಿ ಎರಡು ರಿಮೈಂಡರ್ ಹಾಕಿ: ಒಂದು ಹಿಂದಿನ ದಿನ, ಒಂದು ಹತ್ತು ನಿಮಿಷ ಮುಂಚೆ. ತಯಾರಿ ಬೇಕಾದ ಮೀಟಿಂಗ್‌ಗೆ ಹತ್ತು ನಿಮಿಷದ ರಿಮೈಂಡರ್ ಒಂದೇ ಇದ್ದರೆ ಗಾಬರಿ ಬೀಳುವುದೊಂದೇ ಗತಿ.

ಅದು ತಾನಾಗಿ ಎದುರಿಗೆ ಬರಲಿ

ಫೈಲು ಮಾಡಿದ ಎರಡನೇ ವಾರಕ್ಕೆ ಅದನ್ನು ತೆರೆಯುವುದನ್ನೇ ಮರೆಯುತ್ತೇವೆ. ಆ ಜವಾಬ್ದಾರಿಯನ್ನು ಕಂಪ್ಯೂಟರ್‌ಗೆ ಕೊಡಿ.

ವಿಂಡೋಸ್ ಕೀ ಹಿಡಿದು ಆರ್ ಒತ್ತಿ. ಸಣ್ಣ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಶೆಲ್, ಆಮೇಲೆ ಒಂದು ಕೋಲನ್ (:), ಆಮೇಲೆ ಸ್ಟಾರ್ಟ್‌ಅಪ್ — ಇಷ್ಟನ್ನೂ ಇಂಗ್ಲಿಷಿನಲ್ಲಿ, ಮಧ್ಯೆ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಒಂದು ಫೋಲ್ಡರ್ ತೆರೆಯುತ್ತದೆ. “ಕೆಲಸ” ಫೈಲನ್ನು ಆಲ್ಟ್ ಕೀ ಹಿಡಿದುಕೊಂಡು ಅದರೊಳಗೆ ಎಳೆದು ಬಿಡಿ. ಆಲ್ಟ್ ಹಿಡಿಯದಿದ್ದರೆ ಫೈಲೇ ಅಲ್ಲಿಗೆ ಹೋಗಿಬಿಡುತ್ತದೆ. ಹಿಡಿದರೆ ಶಾರ್ಟ್‌ಕಟ್ ಮಾತ್ರ ಬೀಳುತ್ತದೆ, ನಮಗೆ ಬೇಕಾದ್ದು ಅದು. ಒಮ್ಮೆ ಕಂಪ್ಯೂಟರ್ ಆರಿಸಿ ಹಚ್ಚಿ ನೋಡಿ.

ಬ್ರೌಸರ್‌ಗೂ ಇದೇ ನ್ಯಾಯ. ಅದರ ಸೆಟ್ಟಿಂಗ್ಸ್‌ನಲ್ಲಿ, ಶುರುವಾದಾಗ ಏನು ತೆರೆಯಬೇಕು ಅನ್ನುವ ಕಡೆ “ನಿಲ್ಲಿಸಿದ ಕಡೆಯಿಂದ ಮುಂದುವರಿಸು” ಅನ್ನುವುದನ್ನು ತೆಗೆದು, ನಿಮಗೆ ದಿನಾ ಬೇಕಾದ ಒಂದೆರಡು ಪುಟ ಹಾಕಿ. ನನ್ನದರಲ್ಲಿ ಇರುವುದು ಕ್ಯಾಲೆಂಡರ್ ಒಂದೇ. ಮೇಲ್ ಇಲ್ಲ, ಬೇಕಂತಲೇ ಇಟ್ಟಿಲ್ಲ. ಬೆಳಿಗ್ಗೆ ಮೊದಲು ಮೇಲ್ ಕಂಡರೆ ಆ ದಿನದ ಪಟ್ಟಿ ಬರೆಯುವವರು ಬೇರೆಯವರಾಗುತ್ತಾರೆ.

ಮೇಲ್

ಇದಕ್ಕೆ ಒಂದಿಡೀ ಶನಿವಾರ ಕೊಟ್ಟೆ. ದಂಡ ಆಗಲಿಲ್ಲ.

ಮೊದಲು ಮೇಲ್‌ನ ಹುಡುಕುವ ಜಾಗದಲ್ಲಿ ‘ಅನ್‌ಸಬ್‌ಸ್ಕ್ರೈಬ್’ ಅನ್ನುವ ಪದವನ್ನು ಇಂಗ್ಲಿಷಿನಲ್ಲಿ ಹಾಕಿ. ಸಾಮೂಹಿಕವಾಗಿ ಕಳಿಸುವ ಮೇಲ್‌ಗಳಲ್ಲಿ ಹೆಚ್ಚಿನದರ ಬುಡದಲ್ಲಿ ಆ ಪದ ಇರುತ್ತದೆ, ಹಾಗಾಗಿ ಎಲ್ಲ ಒಟ್ಟಿಗೆ ಸಿಕ್ಕಿಬೀಳುತ್ತವೆ. ಕಳೆದ ತಿಂಗಳು ಒಂದನ್ನೂ ಓದಿಲ್ಲವಾದರೆ ಅಲ್ಲಿಂದ ಹೊರಬನ್ನಿ. ಆಗಾಗ ಬೇಕಾಗುವುದಕ್ಕೆ — ಬಿಲ್ಲು, ರಸೀದಿ, ಟಿಕೆಟ್ಟು — ಫಿಲ್ಟರ್ ಹಾಕಿ. ಜಿಮೇಲ್‌ನಲ್ಲಾದರೆ ಮೇಲ್ ತೆರೆದು ಮೂರು ಚುಕ್ಕಿ ಒತ್ತಿದರೆ, ಇಂಥ ಮೇಲ್‌ಗಳನ್ನು ಫಿಲ್ಟರ್ ಮಾಡುವ ದಾರಿ ಅಲ್ಲೇ ಇದೆ. ಒಂದು ಲೇಬಲ್ ಕೊಟ್ಟು, ಇನ್‌ಬಾಕ್ಸ್‌ಗೆ ಬರದ ಹಾಗೆ ಮಾಡಿ. ಬೇಕಾದಾಗ ಹುಡುಕಿದರೆ ಸಿಗುತ್ತದೆ. ಗೊತ್ತಿಲ್ಲದವರಿಂದ ಬಂದ ಅನುಮಾನದ ಮೇಲ್‌ನಲ್ಲಿ ಮಾತ್ರ ಆ ಕೊಂಡಿ ಒತ್ತಬೇಡಿ, ಸ್ಪ್ಯಾಮ್‌ಗೆ ತಳ್ಳಿ.

ಆಮೇಲೆ ಒಂದು ಅಭ್ಯಾಸ ಬಿಡಬೇಕು. ಓದಿದ ಮೇಲ್ ಅನ್ನು ಮತ್ತೆ ‘ಓದಿಲ್ಲ’ ಅಂತ ಗುರುತು ಮಾಡಿ ನೆನಪಿಗೆ ಇಟ್ಟುಕೊಳ್ಳುವುದು. ನಕ್ಷತ್ರ ಹಾಕುವುದೂ ಅದೇ ಜಾತಿ. ಮೇಲ್‌ನ ಶೀರ್ಷಿಕೆ ಬರೆದವರು ಅವರು, ಅದು ಅವರ ದೃಷ್ಟಿಯ ವಿಷಯ. “ಮರು: ಮರು: ನಿನ್ನೆ ಮಾತಾಡಿದ್ದು” ಅಂತ ಇರುತ್ತದೆ. ನೀವು ಮಾಡಬೇಕಾದ್ದು “ಎರಡನೇ ಕೊಟೇಶನ್ ನೋಡಿ ಒಪ್ಪಿಗೆ ಕೊಡು”. ಈ ಸಾಲನ್ನು “ಕೆಲಸ” ಫೈಲಿಗೆ ಬರೆದು, ಮೇಲ್ ಅನ್ನು ಆರ್ಕೈವ್ ಮಾಡಿಬಿಡಿ, ಅಂದರೆ ಅಳಿಸದೆ ಇನ್‌ಬಾಕ್ಸ್‌ನಿಂದ ಆಚೆ ಇಡಿ. ಜಿಮೇಲ್ ಅನ್ನು ಬ್ರೌಸರ್‌ನಲ್ಲಿ ನೋಡುವವರಿಗೆ ಇನ್ನೂ ಸುಲಭ. ತೆರೆದ ಪ್ರತಿ ಮೇಲ್‌ಗೂ ಮೇಲಿನ ವಿಳಾಸದ ಪಟ್ಟಿಯಲ್ಲಿ ಅದರದ್ದೇ ಕೊಂಡಿ ಇರುತ್ತದೆ. ಅದನ್ನು ಕಾಪಿ ಮಾಡಿ ಆ ಸಾಲಿನ ಪಕ್ಕ ಅಂಟಿಸಿ. ಕೆಲಸಕ್ಕೆ ಕೂತಾಗ ನೇರ ಅಲ್ಲಿಗೇ ಹೋಗಬಹುದು.

ಎರಡು ನಿಮಿಷದಲ್ಲಿ ಮುಗಿಯುವ ಉತ್ತರವನ್ನು ಪಟ್ಟಿಗೆ ಸೇರಿಸಬೇಡಿ, ಅಲ್ಲೇ ಬರೆದು ಕಳಿಸಿ. ಮೇಲ್‌ನ ಸದ್ದು, ಮೂಲೆಯಲ್ಲಿ ಇಣುಕುವ ಪೆಟ್ಟಿಗೆ ಎರಡನ್ನೂ ನಿಲ್ಲಿಸಿ. ದಿನಕ್ಕೆ ಮೂರು ಸಲ ನೀವೇ ಹೋಗಿ ನೋಡಿ. ನಿಮ್ಮ ಕೆಲಸದ ರೀತಿಗೆ ಮೂರು ಸಾಲದಿದ್ದರೆ ಐದು. ಜಿಮೇಲ್‌ನಲ್ಲಿ ಕಳಿಸಿದ್ದನ್ನು ಹಿಂದಕ್ಕೆ ಪಡೆಯುವ ಅವಕಾಶವನ್ನು 30 ಸೆಕೆಂಡಿನವರೆಗೆ ಹೆಚ್ಚಿಸಬಹುದು. ಅದನ್ನು ಇವತ್ತೇ ಮಾಡಿಕೊಳ್ಳಿ. ಫೈಲು ಸೇರಿಸದೆ “ಲಗತ್ತಿಸಿದ್ದೇನೆ, ನೋಡಿ” ಅಂತ ಕಳಿಸಿದ್ದು ನೆನಪಾಗುವುದು ಸಾಮಾನ್ಯವಾಗಿ ಆ 30 ಸೆಕೆಂಡಿನೊಳಗೇ.

ಫೈಲಿನ ಹೆಸರು

ನನ್ನ ಹಾಳೆಯಲ್ಲಿ ಅತಿ ಹೆಚ್ಚು ಗೀಟು ಬಿದ್ದಿದ್ದು ಇಲ್ಲಿ. ಡೆಸ್ಕ್‌ಟಾಪ್ ಮೇಲೆ ಆಗ ಇದ್ದ ನಾಲ್ಕು ಫೈಲುಗಳ ಹೆಸರು: “ವರದಿ ಫೈನಲ್”, “ವರದಿ ಫೈನಲ್ 2”, “ವರದಿ ಫೈನಲ್ ಹೊಸದು”, “ವರದಿ ಇದೇ ಫೈನಲ್”. ಕಳಿಸಿದ್ದು ಯಾವುದು? ಮೂರನೆಯದು. ಹೇಗೆ ಗೊತ್ತಾಯಿತು ಅಂದರೆ, ಕಳಿಸಿದ ಮೇಲ್ ತೆರೆದು ನೋಡಿದೆ.

ಪರಿಹಾರ ಒಂದು ಸಾಲಿನದು. ಹೆಸರನ್ನು ತಾರೀಖಿನಿಂದ ಶುರು ಮಾಡಿ: ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. “2025-03-12 ಖರ್ಚಿನ ಶೀಟು 02”. ಕೊನೆಯ 02 ಎಷ್ಟನೇ ಆವೃತ್ತಿ ಅನ್ನುವುದಕ್ಕೆ. ಹೀಗೆ ಬರೆದರೆ ಅಕ್ಷರದ ಕ್ರಮದಲ್ಲಿ ಜೋಡಿಸಿದಾಗ ತಾರೀಖಿನ ಕ್ರಮವೂ ಅದೇ ಆಗಿರುತ್ತದೆ. ದಿನವನ್ನು ಮೊದಲು ಬರೆದರೆ ಎಲ್ಲಾ ತಿಂಗಳ ಒಂದನೇ ತಾರೀಖು ಒಂದು ಕಡೆ, ಎರಡನೇ ತಾರೀಖು ಇನ್ನೊಂದು ಕಡೆ ಗುಂಪಾಗುತ್ತದೆ, ಯಾರಿಗೂ ಉಪಯೋಗವಿಲ್ಲ. 03-12 ಅಂದರೆ ಮಾರ್ಚ್ ಹನ್ನೆರಡೋ ಡಿಸೆಂಬರ್ ಮೂರೋ ಅನ್ನುವ ಜಗಳವೂ ವರ್ಷ ಮುಂದೆ ಬಂದರೆ ಇರುವುದಿಲ್ಲ. ಈ ಕ್ರಮಕ್ಕೆ 1988ರಲ್ಲಿ ಐಎಸ್ಒ 8601 ಅನ್ನುವ ಅಂತರರಾಷ್ಟ್ರೀಯ ಮಾನಕವೇ ಬಂದಿದೆ. ಆವೃತ್ತಿಗೆ 2 ಅನ್ನದೆ 02 ಅನ್ನುವುದಕ್ಕೂ ಕಾರಣ ಇದೆ. ಕೆಲವು ಕಡೆ ಜೋಡಣೆಯಲ್ಲಿ 10 ಅನ್ನುವುದು 2ಕ್ಕಿಂತ ಮೊದಲು ಬಂದು ಕೂರುತ್ತದೆ.

ಫೈನಲ್ ಅನ್ನುವ ಪದವನ್ನು ಮಾತ್ರ ಯಾವ ಫೈಲಿಗೂ ಇಡಬೇಡಿ. ಅದನ್ನು ಬರೆದ ಮಾರನೇ ದಿನವೇ ತಿದ್ದುಪಡಿ ಬರುತ್ತದೆ.

ಫೋಲ್ಡರ್ ಮೂರು ಸಾಕು: “ನಡೀತಿರೋದು”, “ಕಾಗದಪತ್ರ”, “ಮುಗಿದದ್ದು”. ಮೊದಲನೆಯದರೊಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಫೋಲ್ಡರ್. ಕೆಲಸ ಮುಗಿದ ದಿನ ಇಡೀ ಫೋಲ್ಡರನ್ನು “ಮುಗಿದದ್ದು” ಒಳಗೆ ಎಳೆಯಿರಿ. ಒಳಗೊಳಗೆ ಏಳು ಹಂತ ಕಟ್ಟುವ ಆಸೆ ಬರುತ್ತದೆ, ಬಿಡಿ. ಹೆಸರು ಸರಿಯಾಗಿದ್ದರೆ ಹುಡುಕುವುದೇ ವೇಗ. ‘ಎವೆರಿಥಿಂಗ್’ ಅನ್ನುವ ಉಚಿತ ಪ್ರೋಗ್ರಾಂ ಹಾಕಿಕೊಂಡರೆ ಹೆಸರಿನ ಒಂದು ತುಂಡು ಟೈಪ್ ಮಾಡುತ್ತಿದ್ದಂತೆ ಫೈಲುಗಳು ಎದುರಿಗೆ ಬಂದು ನಿಲ್ಲುತ್ತವೆ.

ಹಳೆಯದನ್ನೆಲ್ಲ ಕೂತು ಹೆಸರು ಬದಲಿಸಲು ಹೋಗಬೇಡಿ. ಇವತ್ತಿನಿಂದ ಮಾಡುವುದಕ್ಕೆ ಮಾತ್ರ ಈ ನಿಯಮ. ಹತ್ತಿಪ್ಪತ್ತು ಫೈಲಿಗೆ ಬದಲಿಸಲೇಬೇಕಾದರೆ, ಮೊದಲನೆಯದನ್ನು ಆರಿಸಿ ಎಫ್2 ಒತ್ತಿ, ಹೊಸ ಹೆಸರು ಬರೆದು, ಎಂಟರ್ ಬದಲು ಟ್ಯಾಬ್ ಕೀ ಒತ್ತಿ. ನೇರ ಮುಂದಿನ ಫೈಲಿನ ಹೆಸರಿಗೆ ಹೋಗುತ್ತದೆ. ಡೌನ್‌ಲೋಡ್ಸ್ ಫೋಲ್ಡರ್ ತುಂಬುವುದನ್ನು ತಡೆಯಲು, ಪ್ರತಿ ಸಲ ಎಲ್ಲಿ ಇಡಬೇಕು ಅಂತ ಕೇಳುವ ಹಾಗೆ ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ಮಾಡಬಹುದು. ಮೊದಲ ವಾರ ಕಿರಿಕಿರಿ ಆಗುತ್ತದೆ. ಆದರೆ ಫೈಲು ಬರುವಾಗಲೇ ಅದರ ಹೆಸರು, ಜಾಗ ಎರಡೂ ನಿಕ್ಕಿಯಾಗಿಬಿಡುತ್ತದೆ.

ಟ್ಯಾಬ್‌ಗಳ ಸಂತೆ

ತೆರೆದಿಟ್ಟ ಟ್ಯಾಬ್ ಅಂದರೆ ನಕ್ಷತ್ರ ಹಾಕಿದ ಮೇಲ್‌ನ ತಮ್ಮ. “ಇದನ್ನ ಆಮೇಲೆ ಓದಬೇಕು” ಅನ್ನುವುದನ್ನು ಪಟ್ಟಿಗೆ ಬರೆಯದೆ ಪರದೆಯ ಮೇಲೆ ನೇತುಹಾಕಿರುವುದು. ಧೈರ್ಯ ಮಾಡಿ ಎಲ್ಲವನ್ನೂ ಮುಚ್ಚಲು ಒಂದು ದಾರಿ ಇದೆ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಕಂಟ್ರೋಲ್ + ಶಿಫ್ಟ್ + ಡಿ ಒತ್ತಿದರೆ ತೆರೆದಿರುವ ಎಲ್ಲಾ ಟ್ಯಾಬ್‌ಗಳೂ ಒಂದು ಬುಕ್‌ಮಾರ್ಕ್ ಫೋಲ್ಡರ್‌ಗೆ ಸೇರುತ್ತವೆ. ಅದಕ್ಕೆ ಆ ದಿನದ ತಾರೀಖು ಹೆಸರಿಟ್ಟು ಕಿಟಕಿ ಮುಚ್ಚಿ. ತಪ್ಪಿ ಮುಚ್ಚಿದ್ದನ್ನು ಮರಳಿ ತರಲು ಕಂಟ್ರೋಲ್ + ಶಿಫ್ಟ್ + ಟಿ ಇದ್ದೇ ಇದೆ.

ಇದು ಬರೀ ಅಚ್ಚುಕಟ್ಟಿನ ವಿಷಯ ಅಲ್ಲ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನ ಪೂರ್ತಿಯಾಗಿ ಜೊತೆಗೆ ಬರುವುದಿಲ್ಲ, ಒಂದಷ್ಟು ಹಳೆಯದಕ್ಕೇ ಅಂಟಿಕೊಂಡಿರುತ್ತದೆ ಅಂತ ಅವರು ತೋರಿಸಿದರು. ಮುಗಿಯದೆ ಬಿಟ್ಟ ಕೆಲಸವಾದರೆ ಅಂಟು ಜಾಸ್ತಿ. ಮುಂದೆ 2018ರಲ್ಲಿ ತೆರೇಸಾ ಗ್ಲಾಂಬ್ ಜೊತೆ ಮಾಡಿದ ಕೆಲಸದಲ್ಲಿ ಅವರು ಒಂದು ಉಪಾಯವನ್ನೂ ಪರೀಕ್ಷಿಸಿದರು: ಎದ್ದು ಹೋಗುವ ಮುಂಚೆ ಎಲ್ಲಿ ನಿಲ್ಲಿಸಿದೆ, ಮರಳಿ ಬಂದಾಗ ಏನು ಮಾಡಬೇಕು ಅನ್ನುವುದನ್ನು ಚಿಕ್ಕದಾಗಿ ಬರೆದಿಡುವುದು. ಹಾಗೆ ಬರೆದವರು ಮಧ್ಯೆ ಬಂದ ಕೆಲಸವನ್ನು ಚೆನ್ನಾಗಿ ಮಾಡಿದರು.

ನಾನು ಇದನ್ನು ಮಾಡುವುದು ಹೀಗೆ. ಯಾರಾದರೂ ಕರೆದರೆ, ಏಳುವ ಮುಂಚೆ “ಕೆಲಸ” ಫೈಲಿನಲ್ಲಿ ಆ ಸಾಲಿನ ಕೆಳಗೆ ಬಾಣದ ಗುರುತು ಹಾಕಿ ಐದಾರು ಪದ: “> 6ನೇ ಪುಟ, ಎರಡನೇ ಪ್ಯಾರಾ, ಹೆಸರುಗಳು ಒಂದೇ ಥರ ಇವೆಯಾ ನೋಡು”. ಕರೆದವರು ಹತ್ತು ಸೆಕೆಂಡು ಕಾಯುತ್ತಾರೆ, ಅಭ್ಯಂತರ ಇಲ್ಲ. ಮರಳಿ ಬಂದಾಗ “ಎಲ್ಲಿದ್ದೆ ನಾನು” ಅಂತ ಪರದೆ ದಿಟ್ಟಿಸುವುದು ತಪ್ಪುತ್ತದೆ.

ಎರಡು ದೊಡ್ಡ ಕೆಲಸ ಒಟ್ಟಿಗೆ ನಡೆಯುತ್ತಿದ್ದರೆ ಪ್ರತ್ಯೇಕ ಡೆಸ್ಕ್‌ಟಾಪ್ ಮಾಡಿಕೊಳ್ಳಿ. ಕಂಟ್ರೋಲ್ + ವಿಂಡೋಸ್ + ಡಿ ಒತ್ತಿದರೆ ಖಾಲಿ ಡೆಸ್ಕ್‌ಟಾಪ್ ಒಂದು ಬರುತ್ತದೆ. ಕಂಟ್ರೋಲ್ + ವಿಂಡೋಸ್ ಹಿಡಿದು ಎಡ ಬಲ ಬಾಣ ಒತ್ತಿದರೆ ಅಲ್ಲಿಂದಿಲ್ಲಿಗೆ ಓಡಾಡಬಹುದು. ಮೂರಕ್ಕಿಂತ ಜಾಸ್ತಿ ಮಾಡಿದರೆ ಯಾವುದು ಎಲ್ಲಿದೆ ಅಂತ ಮತ್ತೆ ಹುಡುಕಾಟ.

ಮತ್ತೆ ಮತ್ತೆ ಟೈಪ್ ಮಾಡುವುದು

ಕಾಪಿ, ಪೇಸ್ಟ್ ಅನ್ನುವುದನ್ನು ಈಗಿನ ರೂಪಕ್ಕೆ ತಂದವರು ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್. 1970ರ ದಶಕದಲ್ಲಿ, ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ. ಅಲ್ಲಿಂದ ಇಲ್ಲಿಯವರೆಗೂ ನಮ್ಮಲ್ಲಿ ಹೆಚ್ಚಿನವರು ಒಂದು ಸಲಕ್ಕೆ ಒಂದನ್ನೇ ಕಾಪಿ ಮಾಡುತ್ತಿದ್ದೇವೆ. ವಿಂಡೋಸ್‌ನಲ್ಲಿ 2018ರ ಕೊನೆಯಿಂದಲೇ ಬೇರೆ ದಾರಿ ಇದೆ. ವಿಂಡೋಸ್ + ವಿ ಒತ್ತಿ, ಮೊದಲ ಸಲ ಕೇಳಿದಾಗ ಆನ್ ಮಾಡಿ. ಆಮೇಲೆ ನೀವು ಕಾಪಿ ಮಾಡಿದ ಕೊನೆಯ 25 ತುಣುಕುಗಳು ಅಲ್ಲಿ ಸಾಲಾಗಿ ಇರುತ್ತವೆ. ಬೇಕಾದ್ದನ್ನು ಆರಿಸಿ ಅಂಟಿಸಬಹುದು. ಕಂಪ್ಯೂಟರ್ ಮರಳಿ ಹಚ್ಚಿದಾಗ ಖಾಲಿಯಾಗುತ್ತದೆ, ಆದರೆ ಪಿನ್ ಹಾಕಿದ್ದು ಉಳಿಯುತ್ತದೆ. ನನ್ನ ವಿಳಾಸ, ಮೂರು ಸಿದ್ಧ ಉತ್ತರಗಳು ಹೀಗೆ ಪಿನ್ ಆಗಿವೆ. ಎಚ್ಚರ: ಕಾಪಿ ಮಾಡಿದ ಪಾಸ್‌ವರ್ಡ್ ಕೂಡ ಆ ಸಾಲಿನಲ್ಲಿ ಬಟಾಬಯಲಾಗಿ ಕೂತಿರಬಹುದು. ಬೇರೆಯವರೂ ಕೂರುವ ಕಂಪ್ಯೂಟರ್‌ನಲ್ಲಿ ಇದನ್ನು ಆನ್ ಮಾಡಲೇಬೇಡಿ.

ಉದ್ದದ ಉತ್ತರಗಳಿಗೆ ಜಿಮೇಲ್‌ನಲ್ಲೇ ಟೆಂಪ್ಲೇಟ್ ಇದೆ, ಸೆಟ್ಟಿಂಗ್ಸ್‌ನ ‘ಅಡ್ವಾನ್ಸ್ಡ್’ ಕೆಳಗೆ ಆನ್ ಮಾಡಬೇಕು. ವರ್ಡ್ ಬಳಸುವವರು ಆಟೋಕರೆಕ್ಟ್‌ನಲ್ಲಿ ಎರಡಕ್ಷರದ ಸಂಕೇತ ಕೊಟ್ಟು ಇಡೀ ವಾಕ್ಯ ಬರುವ ಹಾಗೆ ಮಾಡಬಹುದು. ಯಾವ ಪ್ರೋಗ್ರಾಂನಲ್ಲಿದ್ದರೂ ಇದು ನಡೆಯಬೇಕು ಅಂದರೆ ‘ಆಟೋಹಾಟ್‌ಕೀ’ ಇದೆ, ಉಚಿತ. ಆದರೆ ಅದರಲ್ಲಿ ಇಳಿದರೆ ಒಂದು ಭಾನುವಾರ ಹೋಗುತ್ತದೆ. ನಿಮ್ಮ ಹಾಳೆಯಲ್ಲಿ ಅಷ್ಟು ಗೀಟು ಇದ್ದರೆ ಮಾತ್ರ ಇಳಿಯಿರಿ.

ಶಾರ್ಟ್‌ಕಟ್‌ಗಳನ್ನು ಪಟ್ಟಿ ಅಂಟಿಸಿಕೊಂಡು ಕಲಿಯಲು ಆಗುವುದಿಲ್ಲ, ನಾನು ಪ್ರಯತ್ನಪಟ್ಟಿದ್ದೇನೆ. ವಾರಕ್ಕೆ ಒಂದು. ಶುರುವಿಗೆ ವಿಂಡೋಸ್ ಕೀ ಜೊತೆ ಅಂಕಿ: ಕೆಳಗಿನ ಟಾಸ್ಕ್‌ಬಾರ್‌ನಲ್ಲಿ ಮೊದಲು ಪಿನ್ ಮಾಡಿದ್ದು 1, ಎರಡನೆಯದು 2. ಎರಡನೇ ವಾರ ವಿಂಡೋಸ್ + ಶಿಫ್ಟ್ + ಎಸ್, ಪರದೆಯ ಬೇಕಾದ ಭಾಗದ ಚಿತ್ರ ತೆಗೆಯಲು. ಎರಡು ಭಾಷೆಯಲ್ಲಿ ಟೈಪ್ ಮಾಡುವವರಿಗೆ ವಿಂಡೋಸ್ + ಸ್ಪೇಸ್.

ಸಂಜೆಯ ಹತ್ತು ನಿಮಿಷ

ಎಲ್ಲಾ ಹಂತ ಬಿಟ್ಟರೂ ಇದೊಂದನ್ನು ಬಿಡಬೇಡಿ. ಎದ್ದು ಹೋಗುವುದಕ್ಕೆ ಹತ್ತು ನಿಮಿಷ ಇರುವಾಗ “ಕೆಲಸ” ಫೈಲಿಗೆ ಬನ್ನಿ. ಆಗಿದ್ದನ್ನು “ಮುಗೀತು” ಕೆಳಗೆ ಇಳಿಸಿ. ಫೋನಿನಲ್ಲಿ ಬಂದ ಮೆಸೇಜು, ಕೈಯಲ್ಲಿ ಗೀಚಿದ ಚೀಟಿ, ಮೇಲ್ ಎಲ್ಲವನ್ನೂ ಒಮ್ಮೆ ನೋಡಿ, ಕೆಲಸ ಇದ್ದರೆ ಸಾಲು ಮಾಡಿ. ಚೀಟಿ ಹರಿದುಹಾಕಿ. ನಾಳೆಯ ತಾರೀಖು ಬರೆದು ಅದರ ಕೆಳಗೆ ಮೂರು ಸಾಲು ಇಡಿ. ಮೊದಲನೆಯದನ್ನು ತೀರಾ ಬಿಡಿಸಿ ಬರೆಯಿರಿ, ಯಾವ ಫೈಲು, ಯಾವ ಪುಟ ಅನ್ನುವಷ್ಟು.

ಮ್ಯಾಸಿಕ್ಯಾಂಪೊ ಮತ್ತು ಬೌಮೈಸ್ಟರ್ ಎಂಬ ಇಬ್ಬರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಮುಗಿಯದ ಕೆಲಸ ತಲೆಯಲ್ಲಿ ಗುಂಯ್‌ಗುಡುವುದನ್ನು ನಿಲ್ಲಿಸಲು ಅದನ್ನು ಮುಗಿಸಲೇಬೇಕು ಅಂತಿಲ್ಲ. ಹೇಗೆ, ಯಾವಾಗ ಮಾಡುತ್ತೇನೆ ಅಂತ ಸ್ಪಷ್ಟವಾದ ಯೋಜನೆ ಮಾಡಿದರೂ ಅದು ಸುಮ್ಮನಾಗುತ್ತದೆ. ನನ್ನ ಮಟ್ಟಿಗೆ ಇದರ ಲಾಭ ಆಫೀಸಿನ ಕೆಲಸಕ್ಕಿಂತ ರಾತ್ರಿಯ ಊಟದ ಹೊತ್ತಿಗೆ ಜಾಸ್ತಿ ಕಂಡಿತು.

ಫೋನಿನಿಂದಲೂ ಈ ಫೈಲು ಕಾಣಲಿ ಅಂತ ಒನ್‌ಡ್ರೈವ್, ಗೂಗಲ್ ಡ್ರೈವ್ ಅಥವಾ ಡ್ರಾಪ್‌ಬಾಕ್ಸ್ ಫೋಲ್ಡರ್‌ನಲ್ಲಿ ಇಡಬಹುದು. ಆದರೆ ಫೋನಿನಲ್ಲಿ ಓದಿ, ತಿದ್ದಬೇಡಿ. ಎರಡೂ ಕಡೆ ತೆರೆದಿದ್ದಾಗ ತಿದ್ದಿದರೆ ಎರಡು ಪ್ರತಿ ಆಗುವುದುಂಟು. ಆಗ ಒಂದೇ ಫೈಲು ಅನ್ನುವ ಮೂಲ ಮಾತೇ ಹೋಯಿತು. ಹೊರಗಿದ್ದಾಗ ನೆನಪಾದದ್ದನ್ನು ನಿಮಗೆ ನೀವೇ ಮೆಸೇಜ್ ಕಳಿಸಿಕೊಳ್ಳಿ, ಸಂಜೆ ಸುರಿದುಕೊಂಡರಾಯಿತು. ಎದ್ದು ಹೋಗುವಾಗ ಕಂಟ್ರೋಲ್ + ಎಸ್ ಒತ್ತುವುದನ್ನು ಮರೆಯಬೇಡಿ. ಹೊಸ ನೋಟ್‌ಪ್ಯಾಡ್ ಮುಚ್ಚಿ ತೆರೆದರೂ ಬರೆದದ್ದು ಹಾಗೇ ಕಾಣುತ್ತದೆ. ಸೇವ್ ಆಗಿದೆ ಅಂದುಕೊಳ್ಳುತ್ತೇವೆ, ಆದರೆ ಫೈಲಿಗೆ ಸೇರಿರುವುದಿಲ್ಲ.

ಇಲ್ಲೇ ಒಂದು ಮಾತು. ಸಿಂಕ್ (ಒಂದು ಕಡೆ ಮಾಡಿದ್ದು ಎಲ್ಲಾ ಕಡೆಯೂ ತಾನಾಗಿ ಆಗುವುದು) ಅಂದರೆ ಬ್ಯಾಕಪ್ (ಬೇರೆಯಾಗಿ ಎತ್ತಿಟ್ಟ ಪ್ರತಿ) ಅಲ್ಲ. ಒಮ್ಮೆ ಫೋನಿನಲ್ಲಿ ಜಾಗ ಸಾಲದೆ ಇಂಥದೇ ಒಂದು ಫೋಲ್ಡರ್ ಅಳಿಸಿದೆ. ಮನೆಗೆ ಬಂದು ನೋಡಿದರೆ ಕಂಪ್ಯೂಟರ್‌ನಲ್ಲೂ ಇಲ್ಲ. ಸಿಂಕ್ ತನ್ನ ಕೆಲಸ ನಿಯತ್ತಾಗಿ ಮಾಡಿತ್ತು. ಅಳಿಸಿದ್ದು 30 ದಿನ ಕಸದ ಬುಟ್ಟಿಯಲ್ಲಿ ಉಳಿದಿರುತ್ತಿತ್ತು, ಹಾಗಾಗಿ ಬಚಾವಾದೆ. ಬ್ಯಾಕಪ್‌ಗೆ ಹಳೇ ಸೂತ್ರ 3-2-1: ಮೂರು ಪ್ರತಿ, ಎರಡು ಬೇರೆ ಬೇರೆ ಥರದ ಸಾಧನ, ಒಂದು ಬೇರೆ ಜಾಗದಲ್ಲಿ. ಕಂಪ್ಯೂಟರ್, ಒಂದು ಹೊರಗಿನ ಡಿಸ್ಕ್, ಒಂದು ಕ್ಲೌಡ್ ಅಂದುಕೊಂಡರೆ ಲೆಕ್ಕ ಸರಿಹೋಗುತ್ತದೆ. ವಿಂಡೋಸ್‌ನ ಫೈಲ್ ಹಿಸ್ಟರಿ, ಮ್ಯಾಕ್‌ನ ಟೈಮ್ ಮಷೀನ್ ಎರಡೂ, ಒಮ್ಮೆ ಆನ್ ಮಾಡಿಟ್ಟರೆ, ಡಿಸ್ಕ್ ಚುಚ್ಚಿದಾಗ ತಾವೇ ನೋಡಿಕೊಳ್ಳುತ್ತವೆ. ವಾರಕ್ಕೊಮ್ಮೆ ಚುಚ್ಚುವುದು ನೆನಪಿರಬೇಕಲ್ಲ, ಅದಕ್ಕೆ ಕ್ಯಾಲೆಂಡರ್ ಇದೆ.

ಕೈತಪ್ಪಿದಾಗ

ತಪ್ಪುತ್ತದೆ. ಜ್ವರ ಬರುತ್ತದೆ, ಪ್ರಯಾಣ ಬರುತ್ತದೆ, ನಾಲ್ಕು ದಿನ ಫೈಲು ಮುಟ್ಟಿರುವುದಿಲ್ಲ. ಐದನೇ ದಿನ ತೆರೆದರೆ ಎಲ್ಲಾ ಹಳಸಿದ ಸಾಲು. ಅದನ್ನು ಕೂತು ಸರಿಮಾಡಲು ಹೋಗಬೇಡಿ, ಅಲ್ಲೇ ಮನಸ್ಸು ಮುರಿಯುವುದು. ಆ ಫೈಲಿಗೆ ತಾರೀಖಿನ ಹೆಸರಿಟ್ಟು “ಮುಗಿದದ್ದು” ಫೋಲ್ಡರ್‌ಗೆ ಎಸೆಯಿರಿ. ಅದೇ ಜಾಗದಲ್ಲಿ “ಕೆಲಸ” ಅನ್ನುವ ಹೆಸರಲ್ಲೇ ಹೊಸ ಫೈಲು ಮಾಡಿ, ಅಂದರೆ ಬೆಳಿಗ್ಗೆ ಶಾರ್ಟ್‌ಕಟ್ ಅದನ್ನೇ ತೆರೆಯುತ್ತದೆ. ಹಳೆಯದರಿಂದ “ಕಾಯ್ತಿರೋದು” ಪೂರ್ತಿ, ಉಳಿದದ್ದರಲ್ಲಿ ಮೂರೇ ಸಾಲು ತನ್ನಿ.

ನನ್ನ “ಮುಗಿದದ್ದು” ಒಳಗೆ ಈಗ ಇಂಥ ನಾಲ್ಕು ಫೈಲುಗಳಿವೆ. ಒಂದನ್ನು ಒಂದೇ ಸಲ ಮರಳಿ ತೆರೆದೆ, ಆ ಪ್ರಿಂಟರ್ ಡ್ರೈವರ್‌ನ ಸಾಲಿಗಾಗಿ.